ಲೋಟದ ತಳದಲ್ಲಿ ನಿಂತ ಅರಿಶಿನ

ಪುಟ್ಟಿ, ಗುಂಡ, ಇದು ನಿಮ್ಮಿಬ್ಬರಿಗೆ. ಬಾಯಿಮಾತಿನಲ್ಲಿ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಬಾಯಿ ತೆರೆದರೆ ‘ತಿಂಡಿ ತಿಂದ್ರಾ’, ‘ಸ್ವೆಟರ್ ಹಾಕ್ಕೊಳಿ’ ಎಂಬುದೇ ಬರುತ್ತಿತ್ತು. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆಯಿಂದ ಈಚೆಗೆ ಬಾರದವಳು ನಾನು. ಆದರೆ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ನನ್ನ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಪುಟ್ಟಿ, ನೀನು ಭಾನುವಾರದ ಕನ್ನಡ ಕ್ಲಾಸಿನಲ್ಲಿ ಅಕ್ಷರ ಕೂಡಿಸಿ ಓದಲು ಕಲಿತಿದ್ದೀಯ. ನಿಧಾನವಾಗಿ ಓದು. ಗುಂಡನಿಗೆ ನೀನೇ ಓದಿ ಹೇಳಬೇಕು. ಇದರಲ್ಲಿ ನಡೆದದ್ದು ಅವನಿಗೆ, ಮುಚ್ಚಿಟ್ಟವರು ನಾವಿಬ್ಬರು.

ಗುಂಡನ ರಕ್ತದಲ್ಲಿ ಸೀಸ ಸಿಕ್ಕಿದ ವಿಷಯ ನಮ್ಮ ಬಳಗಕ್ಕೆಲ್ಲ ಗೊತ್ತು. ‘ಅಂಗಡಿ ಅರಿಶಿನದಲ್ಲಿ ಕಲಬೆರಕೆ ಇತ್ತು’ ಎಂದು ನಿಮ್ಮಮ್ಮ ಎಲ್ಲರಿಗೂ ಹೇಳಿದ್ದಾಳೆ. ಹಾಗೆ ಹೇಳಿದ್ದು ನನಗಾಗಿ. ನಡೆದದ್ದು ಬೇರೆ.

ಮೊದಲು ನನ್ನ ತಾತನ ವಿಷಯ ಹೇಳಬೇಕು. ನನಗೆ ಎಂಟು ವರ್ಷವಾದಾಗ ಅವರಿಗೆ ಎಪ್ಪತ್ತಾಗಿತ್ತು. ಮಹಾರಾಜರ ಕಾಲದಲ್ಲಿ, ಈಗ ಲೆಕ್ಕ ಹಾಕಿದರೆ ನೂರು ವರ್ಷದ ಹಿಂದೆ, ಅವರು ಪೇಟೆಯ ಮುನಿಸಿಪಾಲಿಟಿಯಲ್ಲಿ ಜವಾನರಾಗಿದ್ದರು. ಆರೋಗ್ಯಾಧಿಕಾರಿ ಸಂತೆಗೆ ಹೊರಟರೆ ಇವರು ಹಿಂದೆ ಮರದ ಪೆಟ್ಟಿಗೆ ಹೊತ್ತು ನಡೆಯಬೇಕು. ಪೆಟ್ಟಿಗೆಯಲ್ಲಿ ಗಾಜಿನ ನಳಿಗೆಗಳು, ಅಯೋಡಿನ್ ಸೀಸೆ, ಹಾಲಿಗೆ ಅದ್ದುವ ಲ್ಯಾಕ್ಟೋಮೀಟರು. ಪೆಟ್ಟಿಗೆ ಕಂಡರೆ ಸಾಕು, ಹಾಲಿನವರು ಬೀದಿ ಬದಲಿಸುತ್ತಿದ್ದರಂತೆ. ಒಮ್ಮೆ ಒಬ್ಬ ಹಾಲಿನವಳ ಬಿಂದಿಗೆಯಲ್ಲಿ ಗೊದಮೊಟ್ಟೆ ಈಜುತ್ತಿತ್ತು. ‘ಸ್ವಾಮಿ, ಹಸು ಕೆರೇಲಿ ನೀರು ಕುಡೀತು, ಅದಕ್ಕೆ ನಾನೇನು ಮಾಡ್ಲಿ?’ ಎಂದು ಅವಳು ಅತ್ತಳಂತೆ. ತಾತ ಇದನ್ನು ಹೇಳಿ ತಾವೇ ಮೊದಲು ನಗುತ್ತಿದ್ದರು.

ಅಧಿಕಾರಿ ಮಾಡುವುದನ್ನು ನೋಡಿ ನೋಡಿ ತಾತ ಎಲ್ಲ ಕಲಿತಿದ್ದರು. ಕಾಫಿಪುಡಿಯಲ್ಲಿ ಹುರಿದ ಹುಣಿಸೆಬೀಜ, ಮೆಣಸಿನಲ್ಲಿ ಪರಂಗಿಬೀಜ, ಖಾರದಪುಡಿಯಲ್ಲಿ ಇಟ್ಟಿಗೆ, ಸಕ್ಕರೆಯಲ್ಲಿ ಸುಣ್ಣದ ಕಲ್ಲಿನ ಪುಡಿ. ಮನೆಗೆ ಏನು ಬಂದರೂ ಮೊದಲು ಗಾಜಿನ ಲೋಟಕ್ಕೆ. ನೀರನ್ನು ಕಲಕಬಾರದು, ಲೋಟವನ್ನು ಮುಟ್ಟಬಾರದು, ಚಿಟಿಕೆ ಪುಡಿ ಉದುರಿಸಿ ಸುಮ್ಮನೆ ನೋಡಬೇಕು. ‘ಗಿಡದಿಂದ ಬಂದದ್ದು ಹಗುರ ಕಣವ್ವಾ, ತೇಲಾಡಿ ಇಳೀತದೆ. ಮಣ್ಣಿನಿಂದ ಬಂದದ್ದು ಭಾರ, ನೆಟ್ಟಗೆ ಮುಳುಗ್ತದೆ’ ಎನ್ನುತ್ತಿದ್ದರು. ಹಳದಿ ಮಿಠಾಯಿ ಕಂಡರೆ ಅವರ ಮುಖವೇ ಬದಲಾಗುತ್ತಿತ್ತು. ಹಿಂದೆ ಪೇಟೆಯಲ್ಲಿ ಯಾರೋ ಬಾಗಿಲಿಗೆ ಬಳಿಯುವ ಹಳದಿ ಬಣ್ಣವನ್ನೇ ಮಿಠಾಯಿಗೆ ಹಾಕಿದ್ದರಂತೆ. ಆಮೇಲೆ ಏನಾಯಿತು ಎಂದು ಕೇಳಿದರೆ ತಾತ ಎದ್ದು ಹೋಗುತ್ತಿದ್ದರು. ಹೇಳದೆ ಬಿಟ್ಟದ್ದರಿಂದಲೇ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

ಆ ಅಭ್ಯಾಸವನ್ನು ನಾನು ಈ ದೂರದೇಶದ ಲಿಟಲ್ ಎಲ್ಮ್ ಊರಿಗೂ ತಂದೆ. ನಿಮ್ಮ ತಾತ ಹೋದ ಮೇಲೆ ನಿಮ್ಮಮ್ಮ ನನ್ನನ್ನು ಇಲ್ಲಿಗೆ ಕರೆಸಿಕೊಂಡಳಲ್ಲ, ಆಗ ನಾವೆಲ್ಲ ಅಲ್ಲಿದ್ದೆವು. ಕೆರೆಯ ಹತ್ತಿರ ಹೊಸ ಮನೆ, ಗೋಡೆಗೆ ಇನ್ನೂ ಬಣ್ಣದ ವಾಸನೆ. ಅಳಿಯನ ಮನೆಯಲ್ಲಿ ಕೂತು ತಿನ್ನುತ್ತೇನಲ್ಲ ಎಂಬ ಸಂಕೋಚಕ್ಕೆ ಅಡುಗೆಮನೆಯನ್ನು ಪೂರ್ತಿ ನನ್ನ ಕೈಗೆ ತೆಗೆದುಕೊಂಡೆ. ಇಂಡಿಯನ್ ಸ್ಟೋರಿನಿಂದ ಸಾಮಾನು ಬಂದ ದಿನ ಕಟ್ಟೆಯ ಮೇಲೆ ಲೋಟಗಳ ಸಾಲು.

‘ಅಮ್ಮಾ, ಇಲ್ಲಿ ಹಾಲಿನವನೇ ಇಲ್ಲ. ಯಾರನ್ನ ಹಿಡೀತೀಯ ನೀನು?’ ಎಂದು ನಿಮ್ಮಮ್ಮ ರೇಗಿಸುತ್ತಿದ್ದಳು.

‘ಸುಮ್ನಿರೇ’ ಎನ್ನುತ್ತಿದ್ದರು ನಿಮ್ಮಪ್ಪ. ‘ನಮ್ಮನೇಲಿ ಅತ್ತೆ ಮುದ್ರೆ ಬಿದ್ರೇನೇ ತುಪ್ಪ ಒಳಗೆ. ಅತ್ತೆ, ನನ್ನೂ ಒಂದ್ಸಲ ಲೋಟಕ್ಕೆ ಹಾಕಿ ನೋಡ್ಬಿಡಿ, ನಿಮ್ಮ ಮಗಳಿಗೆ ಅನುಮಾನ ಇದೆ.’

ನನಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ನನ್ನ ಕಣ್ಣು ತಪ್ಪಿಸಿ ಏನೂ ಈ ಮನೆಯ ಮಕ್ಕಳ ಬಾಯಿಗೆ ಹೋಗುವುದಿಲ್ಲ ಎಂದುಕೊಂಡಿದ್ದೆ.

ಒಂದನ್ನು ಮಾತ್ರ ನಾನು ಲೋಟಕ್ಕೆ ಹಾಕಲಿಲ್ಲ.

ನವರಾತ್ರಿಯ ಗೊಂಬೆ ನೋಡಲು, ವರಮಹಾಲಕ್ಷ್ಮಿ ಹಬ್ಬಕ್ಕೆ, ನಿಮ್ಮಮ್ಮ ಅಕ್ಕಪಕ್ಕದ ಊರುಗಳಾದ ಪ್ರಾಸ್ಪರಿಗೋ ಫ್ರಿಸ್ಕೋಗೋ ಹೋಗುತ್ತಿದ್ದಳು. ಒಂದೊಂದು ಸಂಜೆಗೆ ಮೂರು ಮನೆ, ನಾಲ್ಕು ಮನೆ. ಪ್ರತಿ ಮನೆಯಲ್ಲೂ ತಾಂಬೂಲದ ಚೀಲ: ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ, ಜೊತೆಗೆ ಅರಿಶಿನದ ಒಂದು ಪೊಟ್ಟಣ, ಕುಂಕುಮದ ಒಂದು ಪೊಟ್ಟಣ. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಅರಿಶಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತಾ ಬರುತ್ತಾ ನನ್ನ ಮುಂದೆ ಬಂದಾಗ ಆ ಮನೆಯ ಹೆಣ್ಣುಮಗಳಿಗೆ ಏನು ಮಾಡಬೇಕೋ ತೋಚದೆ, ‘ಆಂಟಿ, ಹಣ್ಣು ತಗೊಳಿ’ ಎಂದು ಬಾಳೆಹಣ್ಣು ಕೊಟ್ಟಳು. ಅವಳದೇನೂ ತಪ್ಪಿಲ್ಲ. ಆಮೇಲೆ ನಾನು ಹೋಗುವುದನ್ನು ಬಿಟ್ಟೆ.

ಆ ಪೊಟ್ಟಣಗಳು ಅಡುಗೆಮನೆಯ ಡ್ರಾಯರಿನಲ್ಲಿ ರಾಶಿ ಬಿದ್ದವು. ದೇವರ ಮುಂದೆ ಇಟ್ಟ ಅರಿಶಿನವನ್ನು ಕಸದ ಬುಟ್ಟಿಗೆ ಹಾಕಲು ನನಗೆ ಕೈ ಬರಲಿಲ್ಲ. ನಮ್ಮೂರು ಚಾಮರಾಜನಗರದ ಕಡೆ, ಅರಿಶಿನ ಬೆಳೆಯುವ ಸೀಮೆ. ಹೊಲದ ಕೊಂಬನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಒಂದೇ ಡಬ್ಬಿಗೆ ತುಂಬುತ್ತಿದ್ದೆವು. ಹೊಸಲಿಗೆ ಹಚ್ಚುವುದು ಅದೇ, ಕೆನ್ನೆಗೆ ಅದೇ, ಸಾರಿಗೂ ಅದೇ. ದೇವರ ಅರಿಶಿನ ಬೇರೆ, ಊಟದ ಅರಿಶಿನ ಬೇರೆ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ಹಾಗಾಗಿ ಒಂದು ದಿನ ಕೂತು ಪೊಟ್ಟಣಗಳ ಮೂಲೆ ಕತ್ತರಿಸಿ ಎಲ್ಲವನ್ನೂ ಅಡುಗೆಯ ಡಬ್ಬಿಗೆ ಸುರಿದೆ. ಪೊಟ್ಟಣದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಬೆಲೆಯೋ ವಿಳಾಸವೋ ಇರಬೇಕು ಅಂದುಕೊಂಡೆ. ನಿಜ ಹೇಳುತ್ತೇನೆ, ಸುರಿಯುವಾಗ ಬೆರಳೆಲ್ಲ ಹಳದಿಯಾಯಿತು, ಅದನ್ನು ಕೂಡಲೇ ತೊಳೆಯಲು ಮನಸ್ಸು ಬರಲಿಲ್ಲ.

ಅದಾಗಿ ಎಷ್ಟು ತಿಂಗಳು ಆ ಡಬ್ಬಿಯಿಂದ ತೆಗೆದೆನೋ ನೆನಪಿಲ್ಲ. ಗುಂಡನಿಗೆ ಆಗತಾನೆ ಅನ್ನ ಶುರುವಾಗಿತ್ತು. ದಿನವೂ ಮಧ್ಯಾಹ್ನ ತೊವ್ವೆ ಅನ್ನ, ಚಿಟಿಕೆ ಅರಿಶಿನ, ತುಪ್ಪ. ಕೆಮ್ಮಿದರೆ ಅರಿಶಿನದ ಹಾಲು. ಪುಟ್ಟಿ, ನೀನು ಅರಿಶಿನದ ಹಾಲು ಕಂಡರೆ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದೆ. ಗುಂಡ ಮಾತ್ರ ಕೊಟ್ಟದ್ದನ್ನೆಲ್ಲ ತಿಂದು ಇನ್ನೂ ಬೇಕೆಂದು ಬಾಯಿ ತೆರೆಯುತ್ತಿದ್ದ.

ಅವನಿಗೆ ಒಂದು ವರ್ಷ ತುಂಬಿದಾಗ ಡಾಕ್ಟರು ಬೆರಳು ಚುಚ್ಚಿ ರಕ್ತ ತೆಗೆದರು. ಎರಡು ದಿನದ ಮೇಲೆ ಫೋನ್ ಬಂತು. ನಿಮ್ಮಮ್ಮ ‘ಓಕೆ, ಓಕೆ’ ಎನ್ನುತ್ತಲೇ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು.

‘ಏನಾಯ್ತೇ?’

‘ಲೆಡ್ ಅಂತೆ ಅಮ್ಮ. ಸೀಸ. ಗುಂಡನ ರಕ್ತದಲ್ಲಿ ಸೀಸ ಇದೆಯಂತೆ.’

‘ಅದ್ಹೇಗೆ ಬರತ್ತೆ?’

‘ಗೊತ್ತಿಲ್ಲ. ಹಳೇ ಪೇಂಟಿಂದ ಬರತ್ತಂತೆ. ನಮ್ಮದು ಹೊಸ ಮನೆ. ಮೆದುಳಿಗೆ ಹೋಗತ್ತಂತಮ್ಮ. ಮಾತು ತಡ ಆಗ್ಬಹುದು, ಕಲಿಯೋದು ಕಷ್ಟ ಆಗ್ಬಹುದು ಅಂತಿದಾರೆ.’

ಪೇಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಾತನ ಹಳದಿ ಮಿಠಾಯಿ ನೆನಪಾಯಿತು. ಯಾಕೆ ನೆನಪಾಯಿತೆಂದು ಆ ಕ್ಷಣಕ್ಕೆ ಗೊತ್ತಾಗಲಿಲ್ಲ.

ಮರುದಿನ ಗುಂಡನನ್ನು ಮತ್ತೆ ಕರೆದೊಯ್ದು ತೋಳಿನಿಂದ ರಕ್ತ ತೆಗೆಸಿದರು. ಇಬ್ಬರು ಹಿಡಿದುಕೊಳ್ಳಬೇಕಾಯಿತಂತೆ. ಪುಟ್ಟಿ, ನಿನ್ನದನ್ನೂ ತೆಗೆದರು. ನಿನ್ನದು ಸರಿಯಾಗಿತ್ತು. ಗುಂಡನದು ಮೊದಲಿನಷ್ಟೇ ಜಾಸ್ತಿ. ಆರೋಗ್ಯ ಇಲಾಖೆಯವರು ಮನೆ ನೋಡಲು ಬರುತ್ತಾರೆ ಎಂದರು.

ಪಾರ್ಕಿನಲ್ಲಿ ಧಾರವಾಡದ ಕಡೆಯ ಒಬ್ಬ ಹೆಂಗಸು ನನಗೆ ಪರಿಚಯವಾಗಿದ್ದರು. ಮೊಮ್ಮಗಳನ್ನು ಉಯ್ಯಾಲೆ ಆಡಿಸಲು ಬರುತ್ತಿದ್ದರು. ವಿಷಯ ಹೇಳದೆ, ಇಲ್ಲಿನ ಸರ್ಕಾರದವರು ಮನೆಗೆ ಬಂದರೆ ಏನು ಮಾಡುತ್ತಾರೆ ಎಂದಷ್ಟೇ ಕೇಳಿದೆ.

‘ಅಯ್ಯ, ನಿಮಗ ಗೊತ್ತಿಲ್ಲೇನ್ರೀ? ಮಗೂಗೆ ಮನ್ಯಾಗ ಏನರ ಆತಂದ್ರ ಕೂಸನ್ನ ಎತಗೊಂಡು ಹೊಕ್ಕಾರ್ರೀ. ಬ್ಯಾರೆಯವರ ಮನ್ಯಾಗ ಇಡ್ತಾರಂತ. ಎಷ್ಟ ಅತ್ತರೂ ಕೇಳಂಗಿಲ್ಲ.’

‘ನೀವು ನೋಡಿದೀರಾ?’

‘ನಾ ಯಾಕ ನೋಡ್ಲಿ? ವಾಟ್ಸಾಪಿನಾಗ ಬಂದಿತ್ತು.’

ಈಗ ಅದನ್ನು ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮನೆಗೆ ಹೇಗೆ ನಡೆದು ಬಂದೆನೋ ತಿಳಿಯದು.

ಆ ಬುಧವಾರ ನಿಮ್ಮಮ್ಮ ಗುಂಡನನ್ನು ಕರೆದುಕೊಂಡು ಡಾಕ್ಟರ ಬಳಿ ಹೋಗಿದ್ದಳು. ನಾನು ಮೂರು ಗಾಜಿನ ಲೋಟಕ್ಕೆ ನೀರು ಹಾಕಿ ಕಟ್ಟೆಯ ಮೇಲಿಟ್ಟೆ. ಒಂದಕ್ಕೆ ಅಂಗಡಿಯಿಂದ ತಂದು ಇನ್ನೂ ಒಡೆಯದಿದ್ದ ಅಡುಗೆ ಅರಿಶಿನ. ಇನ್ನೊಂದಕ್ಕೆ ನನ್ನ ಡಬ್ಬಿಯದು. ಮೂರನೆಯದಕ್ಕೆ ಡ್ರಾಯರಿನ ಮೂಲೆಯಲ್ಲಿ ಉಳಿದಿದ್ದ ಒಂದು ತಾಂಬೂಲದ ಪೊಟ್ಟಣದ್ದು. ಮೊದಲ ಸಲ ಪುಡಿ ಕಟ್ಟೆಯ ಮೇಲೆ ಚೆಲ್ಲಿತು. ಅಷ್ಟರಲ್ಲಿ ಸುಂಟರಗಾಳಿಯ ಎಚ್ಚರಿಕೆ ಕೊಡುವ ಊರ ಸೈರನ್ ಕೂಗತೊಡಗಿತು. ತಿಂಗಳಿಗೊಮ್ಮೆ ಸುಮ್ಮನೆ ಪರೀಕ್ಷೆಗೆ ಕೂಗಿಸುತ್ತಾರೆಂದು ಗೊತ್ತಿದ್ದರೂ ಬಾಗಿಲ ಚಿಲಕ ನೋಡಿ ಬಂದೆ. ಅದು ನಿಂತ ಮೇಲೆ ಮತ್ತೆ ಉದುರಿಸಿದೆ.

ಅಂಗಡಿಯದು ನೀರ ಮೇಲೆ ತೇಲಿತು. ಎಳೆ ಎಳೆಯಾಗಿ, ಹೊಗೆ ಕೆಳಮುಖವಾಗಿ ಇಳಿದಂತೆ ಇಳಿಯಿತು. ಪೊಟ್ಟಣದ್ದು ಮರಳಿನಂತೆ ನೆಟ್ಟಗೆ ತಳಕ್ಕೆ ಹೋಯಿತು. ತಳದಲ್ಲಿ ಹಳದಿಯ ಒಂದು ಪದರ ನಿಂತಿತು, ಬಾಗಿಲಿಗೆ ಬಳಿಯುವ ಬಣ್ಣದ ಹಾಗೆ ಹೊಳೆಯುತ್ತಾ. ನನ್ನ ಡಬ್ಬಿಯದು ಅರ್ಧ ತೇಲಿತು, ಅರ್ಧ ಮುಳುಗಿತು.

ಆಮೇಲೆ ಲೋಟಗಳನ್ನು ಮೂರು ಮೂರು ಸಲ ತೊಳೆದೆ.

ಪುಟ್ಟಿ, ನೀನು ಸ್ಕೂಲಿನಿಂದ ಬಂದೆ. ಖಾಲಿ ಪೊಟ್ಟಣ ನಿನ್ನ ಕೈಗೆ ಕೊಟ್ಟು ಏನು ಬರೆದಿದೆ ಓದು ಎಂದೆ. ನೀನು ಬ್ಯಾಗನ್ನೂ ಇಳಿಸದೆ ಓದಿದೆ.

‘ನಾಟ್ ಫಾರ್ ಈಟಿಂಗ್, ಅಜ್ಜಿ. ಓನ್ಲಿ ಫಾರ್ ಪೂಜಾ.’

‘ಅಂದ್ರೆ ತಿನ್ನಬಾರದು ಅಂತಲಾ?’

‘ಯಾ. ವೈ?’

ಆಗ ನಾನು ಹೇಳಬಾರದ ಮಾತು ಹೇಳಿದೆ. ‘ಏನಿಲ್ಲ. ಅಮ್ಮಂಗೆ ಹೇಳ್ಬೇಡ, ಬಂಗಾರ.’ ನೀನು ನನ್ನ ಮುಖವನ್ನೇ ನೋಡಿದೆ. ಮತ್ತೇನನ್ನೂ ಕೇಳದೆ, ‘ಓಕೆ’ ಎಂದು ಹೊರಟುಹೋದೆ. ಏಳು ವರ್ಷದ ಮಗುವಿನ ಬಾಯಿಗೆ ನಾನು ಬೀಗ ಹಾಕಿದೆ.

ಡಬ್ಬಿಯನ್ನು ಎಸೆಯಲಿಲ್ಲ. ಎಸೆದರೆ ಇನ್ನಾರಿಗೋ ಸಿಕ್ಕೀತು ಎಂದು ಭಯ, ಅಡುಗೆಮನೆಯಲ್ಲೇ ಬಿಟ್ಟರೆ ಇದು ನನ್ನ ಕೈಯಿಂದಲೇ ಆದದ್ದೆಂದು ತಿಳಿದೀತೆಂಬ ಭಯ. ನನ್ನ ಕೋಣೆಯ ಕ್ಲಾಸೆಟ್ಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅಡುಗೆಗೆ ಹೊಸ ಪ್ಯಾಕೆಟ್ ಒಡೆದೆ. ಇನ್ನು ಮಗುವಿನ ಹೊಟ್ಟೆಗೆ ಅದು ಹೋಗುವುದಿಲ್ಲವಲ್ಲ, ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ನಿಮ್ಮಪ್ಪನ ಮುಂದೆ ಹೇಗೆ ನಿಲ್ಲಲಿ? ಸರ್ಕಾರದವರು ‘ಈ ಮುದುಕಿ ಇರೋ ಮನೇಲಿ ಮಗು ಇರಬಾರದು’ ಎಂದರೆ? ನಾಲ್ಕು ದಿನ ಹೀಗೆ ಕಳೆದೆ. ಗುಂಡ ‘ಅಬ್ಬ, ಅಬ್ಬ’ ಎನ್ನುತ್ತಾ ನನ್ನ ಸೆರಗು ಹಿಡಿದು ನಿಲ್ಲುತ್ತಿದ್ದ. ಆ ತೊದಲಿನಲ್ಲಿ ಮಾತು ಬರುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಮೊದಲಿಗಿಂತ ಕಡಿಮೆ ಶಬ್ದ ಮಾಡುತ್ತಿದ್ದಾನೆ ಅನ್ನಿಸುತ್ತಿತ್ತು.

ಸೋಮವಾರ ಇಲಾಖೆಯವರು ಬಂದರು. ಒಬ್ಬಳೇ ಹೆಂಗಸು, ಎತ್ತರದ ಆಳು, ನಗುಮುಖ. ಕೈಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆ ಕಂಡ ಹಾಲಿನವರು ಯಾಕೆ ಓಡುತ್ತಿದ್ದರೆಂದು ಅವತ್ತು ನನಗೆ ತಿಳಿಯಿತು. ಪೆಟ್ಟಿಗೆಯಿಂದ ಪಿಸ್ತೂಲಿನಂಥ ಯಂತ್ರ ತೆಗೆದಳು. ಗೋಡೆಗೆ ಹಿಡಿದು ಒತ್ತುತ್ತಾಳೆ, ಅದರ ಬೆನ್ನಿನ ಮೇಲೆ ಸೀಸ ಎಷ್ಟಿದೆ ಎಂಬ ಅಂಕಿ ಬರುತ್ತದೆ, ಬರೆದುಕೊಳ್ಳುತ್ತಾಳೆ. ಕಿಟಕಿ, ನಲ್ಲಿ, ಗುಂಡನ ತೊಟ್ಟಿಲು, ಪುಟ್ಟಿಯ ಗೊಂಬೆಗಳು, ಹಿತ್ತಾಳೆ ದೀಪ. ಮಸಾಲೆ ಡಬ್ಬಿಗಳನ್ನು ಸಾಲಾಗಿ ಇಡಿಸಿ ಒಂದೊಂದಕ್ಕೂ ಹಿಡಿದಳು. ಏನೂ ಸಿಗಲಿಲ್ಲ. ಹೊಸ ಪ್ಯಾಕೆಟ್ಟಿನ ಅರಿಶಿನದಲ್ಲೂ ಇಲ್ಲ.

ಅವಳು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಿಮ್ಮಮ್ಮ ನನಗೆ ಹೇಳಿದಳು. ‘ಬೇರೆ ಏನಾದ್ರೂ ಇದೆಯಾ ಅಂತ ಕೇಳ್ತಿದಾರೆ. ಮೂಲ ಸಿಗೋವರೆಗೂ ಗುಂಡನ್ನ ಮತ್ತೆ ಮತ್ತೆ ಚುಚ್ತಾನೇ ಇರ್ಬೇಕಂತೆ. ಅಮ್ಮ, ನಿಂಗೇನಾದ್ರೂ ನೆನಪಿದೆಯಾ?’

ನಾನು ತಲೆ ಅಲ್ಲಾಡಿಸಿದೆ, ಇಲ್ಲವೆಂದು.

ಪುಟ್ಟಿ, ಅವತ್ತು ನಿನಗೆ ರಜೆ, ನಿಮ್ಮಪ್ಪನೂ ಮನೆಯಲ್ಲಿದ್ದರು. ನೀನು ಮೆಟ್ಟಿಲ ಮೇಲೆ ಕೂತಿದ್ದೆ. ಆ ಹೆಂಗಸು ನಿನ್ನ ಕಡೆ ತಿರುಗಿ ಬಗ್ಗಿ ಅದನ್ನೇ ಕೇಳಿದಳು. ನೀನು ನನ್ನನ್ನು ನೋಡಿದೆ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ತುಟಿ ಒಳಗೆಳೆದುಕೊಂಡು ಕೂತಿದ್ದೆ. ನಾನು ಹೇಳಬೇಡ ಎಂದದ್ದಕ್ಕೆ ನೀನು ಹೇಳಲಿಲ್ಲ. ತಮ್ಮನ ಮೇಲಿನ ಪ್ರೀತಿ ಒಂದು ಕಡೆ, ನನ್ನ ಮಾತು ಒಂದು ಕಡೆ. ಆ ಮುಖ ನೋಡಿದ ಮೇಲೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆಂಬ ಭಯಕ್ಕಿಂತ ದೊಡ್ಡದೊಂದು ಭಯ ನನಗೆ ಹುಟ್ಟಿತು.

ಎದ್ದು ಕೋಣೆಗೆ ಹೋಗಿ ಡಬ್ಬಿ ತಂದು ಕಟ್ಟೆಯ ಮೇಲಿಟ್ಟೆ. ಅವಳು ಮುಚ್ಚಳ ತೆಗೆದು ಯಂತ್ರ ಹಿಡಿದಳು. ಅಂಕಿ ಏರಿತು. ಅವಳ ನಗು ನಿಂತಿತು.

‘ಅಮ್ಮಾ, ಎಲ್ಲಿತ್ತು ಇದು?’

‘ಸೀರೆ ಕೆಳಗೆ.’

‘ಎಷ್ಟು ದಿನದಿಂದ?’

‘ಬುಧವಾರದಿಂದ. ತಾಂಬೂಲದ ಅರಿಶಿನ ಕಣೇ. ನಾನೇ ಸುರಿದೆ. ತಿನ್ನಬಾರದು ಅಂತ ಗೊತ್ತಿರಲಿಲ್ಲ.’

‘ಸುರಿದಿದ್ದು ಗೊತ್ತಿಲ್ಲದೆ, ಸರಿ. ಬಚ್ಚಿಟ್ಟಿದ್ದು?’

ನಿಮ್ಮಪ್ಪ ಕುರ್ಚಿ ಎಳೆದು, ‘ಅತ್ತೆ, ಕೂತ್ಕೊಳಿ ಮೊದ್ಲು’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಾನು ನಿನ್ನನ್ನು ಕರೆದೆ. ‘ಪುಟ್ಟಿ, ಮಕ್ಕಳನ್ನ ಕರ್ಕೊಂಡು ಹೋಗ್ತಾರಾ ಕೇಳು.’ ನೀನು ಕೇಳಿದೆ. ಆ ಹೆಂಗಸು ಯಂತ್ರವನ್ನು ಪಕ್ಕಕ್ಕಿಟ್ಟು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ‘ನೋ ಮ್ಯಾಮ್’ ಎಂದಳು. ಎರಡು ಸಲ ಹೇಳಿದಳು. ನೀವು ತಂದುಕೊಟ್ಟದ್ದು ಒಳ್ಳೆಯದಾಯಿತು, ಇನ್ನು ಹುಡುಕುವುದು ತಪ್ಪಿತು ಎಂದಳೆಂದು ನೀನೇ ಕನ್ನಡದಲ್ಲಿ ಹೇಳಿದೆ. ಅಷ್ಟು ಉದ್ದ ಕನ್ನಡ ನೀನು ಅದಕ್ಕೆ ಮುಂಚೆ ಆಡಿರಲಿಲ್ಲ.

ಡಬ್ಬಿಯನ್ನು ಚೀಲಕ್ಕೆ ಹಾಕಿ ಆಸ್ಟಿನ್ನಿನ ಪ್ರಯೋಗಾಲಯಕ್ಕೆ ಕಳಿಸಿದರು. ಸೀಸವೇ ಎಂದು ಉತ್ತರ ಬಂತು. ನನ್ನ ಲೋಟದ ಪರೀಕ್ಷೆಯ ವಿಷಯವನ್ನೂ ನಿಮ್ಮಪ್ಪ ಅವಳಿಗೆ ಹೇಳಿದ್ದರು. ನೀರಿನಲ್ಲಿ ಕೆಟ್ಟದ್ದು ಕಾಣಿಸಿದರೆ ಬಿಸಾಡಿ, ಆದರೆ ಕಾಣಿಸಲಿಲ್ಲವೆಂದು ನಂಬಿ ತಿನ್ನಬೇಡಿ ಎಂದಳಂತೆ. ತಾತ ಇದ್ದಿದ್ದರೆ ಒಪ್ಪುತ್ತಿದ್ದರು.

ಆಮೇಲೆ ಎಷ್ಟೋ ವಾರ ನಿಮ್ಮಮ್ಮ ತಾನೇ ಅಡುಗೆ ಮಾಡಿದಳು. ನಾನು ನಡುಮನೆಯಲ್ಲಿ ಕೂತು ಕುಕ್ಕರಿನ ಕೂಗು ಎಣಿಸುತ್ತಿದ್ದೆ. ಗುಂಡನ ಅಂಕಿ ಮೊದಲ ಸಲ ಸ್ವಲ್ಪ ಇಳಿಯಿತು, ಇನ್ನೊಂದು ಸಲ ಇಳಿಯಲೇ ಇಲ್ಲ, ಮತ್ತೆ ಇಳಿಯಿತು. ಹಾಗೆ ಇಳಿದ ಒಂದು ದಿನ ನಿಮ್ಮಮ್ಮ ಹೊಸ ಅರಿಶಿನದ ಪ್ಯಾಕೆಟ್ಟನ್ನೂ ಒಂದು ಗಾಜಿನ ಲೋಟ ನೀರನ್ನೂ ತಂದು ನನ್ನ ಮುಂದಿಟ್ಟಳು. ‘ಇಲಾಖೆಯವರ ಮೆಷಿನ್ನಲ್ಲಿ ನೋಡ್ಸಿದೀನಿ. ಆದ್ರೂ ನೀನೊಂದ್ಸಲ ನೋಡು’ ಎಂದಳು. ನಾನು ಪ್ಯಾಕೆಟ್ಟಿಗೆ ಕೈ ಹಾಕದ್ದನ್ನು ನೋಡಿ ತಾನೇ ಚಿಟಿಕೆ ಉದುರಿಸಿದಳು. ಇಬ್ಬರೂ ಲೋಟ ಮುಟ್ಟದೆ ನೋಡಿದೆವು.

ಈಗ ನಾವು ಊರು ಬದಲಿಸಿ ರೌಂಡ್ ರಾಕಿಗೆ ಬಂದಿದ್ದೇವೆ. ಗುಂಡ, ನಿನಗೆ ಐದು ವರ್ಷ, ಬಾಯಿ ಮುಚ್ಚುವುದಿಲ್ಲ. ಡಾಕ್ಟರು ಚೆನ್ನಾಗಿದ್ದಾನೆ ಎನ್ನುತ್ತಾರೆ. ಆದರೂ ನೀನು ಒಂದು ಪದಕ್ಕಾಗಿ ತಡಕಾಡಿದರೆ, ಶೂ ಎಡಬಲ ಮರೆತರೆ, ನನ್ನ ಕೈಯ ಕೆಲಸ ನಿಂತುಹೋಗುತ್ತದೆ. ಎಲ್ಲ ಮಕ್ಕಳೂ ಮರೆಯುತ್ತಾರೆ ಅಂತ ನಿಮ್ಮಮ್ಮ ಅನ್ನುತ್ತಾಳೆ. ಇರಬಹುದು. ಈ ಭಯ ನನ್ನ ಜೊತೆಗೇ ಹೋಗುತ್ತದೆ, ನಿನಗೆ ಬಿಟ್ಟು ಹೋಗುವುದಿಲ್ಲ.

ಅಂಗಡಿಯವರು ಅಡುಗೆಗೆಂದು ಮಾರಿದ ಅರಿಶಿನದಲ್ಲಿ ಏನೂ ಇರಲಿಲ್ಲ. ಪೊಟ್ಟಣದ ಮೇಲೆ ತಿನ್ನಬಾರದೆಂದು ಬರೆದಿತ್ತು. ಇಂಗ್ಲಿಷ್ ಓದಲಾರದವಳು ಸುರಿದೆ, ತಿಳಿದ ಮೇಲೆ ಬಚ್ಚಿಟ್ಟೆ. ಪುಟ್ಟಿ, ನಿನ್ನ ಬಾಯಿಗೆ ಹಾಕಿದ ಬೀಗವನ್ನು ಈ ಕಾಗದದಲ್ಲಿ ತೆಗೆಯುತ್ತಿದ್ದೇನೆ. ಯಾರು ಕೇಳಿದರೂ ನಡೆದದ್ದನ್ನು ನಡೆದಂತೆಯೇ ಹೇಳು.

ಅಮ್ಮನ ಬೀರುವಿನಲ್ಲಿ ಗುಂಡನ ರಕ್ತಪರೀಕ್ಷೆಯ ನೀಲಿ ಫೈಲಿದೆ. ಅದರಲ್ಲಿ ಅಂಕಿಗಳಿವೆ, ಅವು ಹೇಗೆ ಬಂದವು ಎಂಬುದಿಲ್ಲ. ಈ ಹಾಳೆಗಳನ್ನು ಅಲ್ಲೇ, ಮೊದಲ ರಿಪೋರ್ಟಿನ ಹಿಂದೆ ಸೇರಿಸಿ ಇಡಿ. ಮನೆ ಬದಲಿಸುವಾಗ ಹಳೆಯ ಕಾಗದವೆಂದು ಎಸೆಯಬೇಡಿ, ಮಕ್ಕಳೇ. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ, ಅರಿಶಿನದ ಕೈ ತಗುಲಿದರೆ ಅಕ್ಷರ ಕಾಣದೆ ಹೋಗುತ್ತದೆ.